ಕುಲುಮೆಗೂ ಮೊದಲಿನ ಮೆಟ್ಟಿಲುಗಳು: ಸಿಮೆಂಟ್ ಸೀಮೆಯಲ್ಲಿ ತ್ಯಾಜ್ಯದ ವ್ಯವಹಾರ

ಕಲಬುರಗಿ ಜಿಲ್ಲೆಯ ಸೇಡಂ, ಚಿತ್ತಾಪುರ, ಶಹಾಬಾದ್ ತಾಲ್ಲೂಕುಗಳಲ್ಲೂ ಚಿಂಚೋಳಿಯ ಒಂದು ಭಾಗದಲ್ಲೂ ಭೂವಿಜ್ಞಾನಿಗಳು ಭೀಮಾ ಸಮೂಹವೆಂದು ಕರೆಯುವ ಸುಣ್ಣಕಲ್ಲಿನ ಪದರಗಳು ಕಪ್ಪು ಮಣ್ಣಿನ ಕೆಳಗೆ ಹಾಸಿಕೊಂಡಿವೆ. ಈ ನೆಲದಿಂದ ಎರಡು ಉದ್ಯಮಗಳು ಹುಟ್ಟಿವೆ: ಪದರಪದರವಾಗಿ ಏಳುವ ಕಲ್ಲನ್ನು ಹಾಸುಗಲ್ಲಾಗಿ ಕತ್ತರಿಸಿ ಮಾರುವ ಫರ್ಸಿ ಉದ್ಯಮ ಒಂದು, ಅದೇ ಕಲ್ಲನ್ನು ಪುಡಿಮಾಡಿ ಸುಟ್ಟು ಸಿಮೆಂಟ್ ತಯಾರಿಸುವ ಉದ್ಯಮ ಇನ್ನೊಂದು. ವಾಡಿಯ ಎಸಿಸಿ, ಮಳಖೇಡದ ರಾಜಶ್ರೀ, ಸೇಡಂನ ವಾಸವದತ್ತಾ, ಕೋಡ್ಲಾದ ಶ್ರೀ ಸಿಮೆಂಟ್, ಇಟಗಾದ ಓರಿಯಂಟ್, ಛತ್ರಸಾಲದ ಕಲಬುರ್ಗಿ ಸಿಮೆಂಟ್ ಕಾರ್ಖಾನೆಗಳು ಒಂದೇ ಜಿಲ್ಲೆಯ ಅಕ್ಕಪಕ್ಕದ ತಾಲ್ಲೂಕುಗಳಲ್ಲಿ ನೆಲೆಗೊಂಡಿರುವುದರಿಂದ ಈ ಪ್ರದೇಶವು ದಕ್ಷಿಣ ಭಾರತದ ಪ್ರಮುಖ ಸಿಮೆಂಟ್ ಸೀಮೆಗಳಲ್ಲಿ ಒಂದಾಗಿದೆ. ಕಳೆದ ಕೆಲವು ವರ್ಷಗಳಲ್ಲಿ ಕೇಂದ್ರ ಸರ್ಕಾರವು ತ್ಯಾಜ್ಯ ನಿರ್ವಹಣೆಯ ನಿಯಮಗಳನ್ನು ಒಂದರ ಹಿಂದೆ ಒಂದರಂತೆ ಬಿಗಿಗೊಳಿಸಿದ ಫಲವಾಗಿ, ಕಲ್ಲನ್ನು ಸುಡುವ ಈ ಕುಲುಮೆಗಳಿಗೆ ನಗರಗಳ ಕಸವನ್ನು ಇಂಧನವಾಗಿ ಬಳಸುವ ಮತ್ತೊಂದು ಪಾತ್ರವೂ ಒದಗಿದೆ. ಈ ಬದಲಾವಣೆಯಿಂದ ಇಲ್ಲಿನ ಜನರಿಗೆ ಯಾವ ಬಗೆಯ ದುಡಿಮೆ ಸಿಗಬಹುದು, ಆ ದುಡಿಮೆ ಸರಪಳಿಯ ಯಾವ ಕೊಂಡಿಯಲ್ಲಿದೆ ಎಂಬ ಪ್ರಶ್ನೆಗೆ ಇನ್ನೂ ಸಾಕಷ್ಟು ಗಮನ ಸಿಕ್ಕಿಲ್ಲ.

ನೆಲದಿಂದ ಕಚ್ಚಾವಸ್ತುವನ್ನು ತೆಗೆದು, ವಸ್ತುವೊಂದನ್ನು ತಯಾರಿಸಿ, ಬಳಸಿ ಬಿಸಾಡುವ ಕ್ರಮವನ್ನು ಅರ್ಥಶಾಸ್ತ್ರಜ್ಞರು ಸರಳರೇಖೆಯ ಅರ್ಥವ್ಯವಸ್ಥೆ ಎನ್ನುತ್ತಾರೆ. ಬಳಸಿದ ವಸ್ತುವನ್ನು ದುರಸ್ತಿ, ಮರುಬಳಕೆ ಮತ್ತು ಮರುಸಂಸ್ಕರಣೆಯ ಮೂಲಕ ಮತ್ತೆ ಮತ್ತೆ ಉತ್ಪಾದನೆಯೊಳಕ್ಕೆ ತರುವ ಕ್ರಮವೇ ಚಕ್ರೀಯ ಅರ್ಥವ್ಯವಸ್ಥೆ. ಬಿಸಾಡಿದ ವಸ್ತುವನ್ನು ಹಿಂದಕ್ಕೆ ತರುವ ಖರ್ಚನ್ನು ಯಾರು ಹೊರಬೇಕೆಂಬ ಪ್ರಶ್ನೆಗೆ ಸ್ವೀಡನ್ನಿನ ಥಾಮಸ್ ಲಿಂಡ್‌ಕ್ವಿಸ್ಟ್ 1990ರಲ್ಲಿ ನೀಡಿದ ಉತ್ತರವೇ ‘ಉತ್ಪಾದಕರ ವಿಸ್ತೃತ ಹೊಣೆಗಾರಿಕೆ’. ವಸ್ತು ಅಂಗಡಿಯಿಂದ ಹೊರಬಿದ್ದ ಕೂಡಲೇ ತಯಾರಕರ ಜವಾಬ್ದಾರಿ ಮುಗಿಯುವುದಿಲ್ಲ, ಅದು ಕಸವಾದ ಮೇಲೂ ಅದರ ವಿಲೇವಾರಿಯ ವೆಚ್ಚ ಅವರದೇ ಎಂಬುದು ಇದರ ತಿರುಳು. ಜರ್ಮನಿಯು 1991ರಲ್ಲೇ ಪ್ಯಾಕಿಂಗ್ ಸಾಮಗ್ರಿಗೆ ಈ ತತ್ವವನ್ನು ಕಾನೂನಿನ ಮೂಲಕ ಅನ್ವಯಿಸಿತು.

ಭಾರತದಲ್ಲಿ 2016ರ ಪ್ಲಾಸ್ಟಿಕ್ ತ್ಯಾಜ್ಯ ನಿರ್ವಹಣಾ ನಿಯಮಗಳಲ್ಲಿ ಈ ಹೊಣೆಗಾರಿಕೆಯ ಮಾತು ಬಂದಿತ್ತಾದರೂ, ಅದಕ್ಕೆ ಲೆಕ್ಕಾಚಾರದ ಸ್ವರೂಪ ದೊರೆತದ್ದು 2022ರ ಫೆಬ್ರುವರಿ 16ರ ಅಧಿಸೂಚನೆಯಿಂದ. ಪ್ಲಾಸ್ಟಿಕ್ ಪ್ಯಾಕಿಂಗ್ ಬಳಸುವ ಉತ್ಪಾದಕರು, ಆಮದುದಾರರು ಮತ್ತು ಬ್ರ್ಯಾಂಡ್ ಮಾಲೀಕರು ಮಾರುಕಟ್ಟೆಗೆ ಬಿಟ್ಟಷ್ಟು ಪ್ಲಾಸ್ಟಿಕ್ಕಿಗೆ ಹೊಣೆಯಾಗಬೇಕೆಂದು ಹೇಳಿದ ಈ ಅಧಿಸೂಚನೆ, ಹೊಣೆಯ ಪ್ರಮಾಣವನ್ನು 2021-22ಕ್ಕೆ ಶೇ 25, ಮರುವರ್ಷಕ್ಕೆ ಶೇ 70, 2023-24ರಿಂದ ಶೇ 100 ಎಂದು ಏರಿಸಿತು. ಕಂಪನಿಗಳು ತಾವೇ ಕಸ ಸಂಗ್ರಹಿಸಬೇಕೆಂದಿಲ್ಲ. ನೋಂದಾಯಿತ ಮರುಸಂಸ್ಕರಣಾ ಘಟಕವೊಂದು ಇಂತಿಷ್ಟು ಟನ್ ಪ್ಲಾಸ್ಟಿಕ್ಕನ್ನು ಸಂಸ್ಕರಿಸಿದರೆ ಅದಕ್ಕೆ ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯ ಪೋರ್ಟಲ್‌ನಲ್ಲಿ ಪ್ರಮಾಣಪತ್ರ ಸಿಗುತ್ತದೆ, ಹೊಣೆಯುಳ್ಳ ಕಂಪನಿ ಆ ಪ್ರಮಾಣಪತ್ರವನ್ನು ಹಣ ಕೊಟ್ಟು ಪಡೆಯುತ್ತದೆ. ಹೀಗೆ ಮರುಸಂಸ್ಕರಣೆ ಮಾಡುವವರಿಗೆ ಸರಕು ಮಾರಿ ಬರುವ ಹಣದ ಜೊತೆಗೆ ಪ್ರಮಾಣಪತ್ರದ ಹಣವೂ ಬರುವಂತಾಯಿತು. ಗುಜರಿ ವ್ಯಾಪಾರದಲ್ಲಿ ಈ ಎರಡನೆಯ ಆದಾಯ ಹಿಂದೆ ಇರಲಿಲ್ಲ. ಹಳೆಯ ಟಯರು, ಬ್ಯಾಟರಿ, ವಿದ್ಯುನ್ಮಾನ ತ್ಯಾಜ್ಯಗಳಿಗೆ 2022ರಲ್ಲಿ, ಬಳಸಿದ ಎಣ್ಣೆಗೆ 2023ರಲ್ಲಿ ಇದೇ ಮಾದರಿಯ ನಿಯಮಗಳು ಬಂದವು.

ಸಿಮೆಂಟ್ ಕುಲುಮೆ ಈ ಚೌಕಟ್ಟಿನೊಳಗೆ ಬರುವುದು ಹೇಗೆಂದು ತಿಳಿಯಲು ಅದರ ಒಳಗನ್ನು ತುಸು ನೋಡಬೇಕು. ಪುಡಿಮಾಡಿದ ಸುಣ್ಣಕಲ್ಲು ಮತ್ತು ಜೇಡಿಯಂಶವು ಪ್ರೀಹೀಟರ್ ಎಂಬ ಎತ್ತರದ ಗೋಪುರದ ಮೇಲಿನಿಂದ ಕೆಳಗಿಳಿಯುತ್ತ, ಕೆಳಗಿನಿಂದ ಏರಿಬರುವ ಬಿಸಿಗಾಳಿಯಲ್ಲಿ ಕಾದು, ಓರೆಯಾಗಿ ಮಲಗಿಸಿ ನಿಧಾನವಾಗಿ ತಿರುಗಿಸುವ ಉದ್ದನೆಯ ಉಕ್ಕಿನ ಕೊಳವೆಯನ್ನು ಸೇರುತ್ತದೆ. ಅಲ್ಲಿ ಸುಮಾರು 1,450 ಡಿಗ್ರಿ ಸೆಲ್ಸಿಯಸ್‌ನಲ್ಲಿ ಅದು ಬೆಂದು ಕ್ಲಿಂಕರ್ ಎಂಬ ಗಟ್ಟಿ ಉಂಡೆಗಳಾಗುತ್ತದೆ. ಈ ಉಂಡೆಗಳನ್ನು ಜಿಪ್ಸಂ ಜೊತೆ ಅರೆದರೆ ಸಿಮೆಂಟ್. ಕೊಳವೆಯ ಬಾಯಲ್ಲಿ ಉರಿಯುವ ಜ್ವಾಲೆಯ ಉಷ್ಣತೆ 2,000 ಡಿಗ್ರಿಯ ಆಸುಪಾಸಿನಲ್ಲಿರುವುದರಿಂದ, ಅಷ್ಟು ಶಾಖದಲ್ಲಿ ಪ್ಲಾಸ್ಟಿಕ್, ರಬ್ಬರ್, ಬಣ್ಣದ ಗಸಿಗಳಂಥ ಸಾವಯವ ಪದಾರ್ಥಗಳು ಪೂರ್ತಿ ಒಡೆದುಹೋಗುತ್ತವೆ. ಆಮ್ಲೀಯ ಅನಿಲಗಳನ್ನು ಸುಣ್ಣವೇ ಹೀರಿಕೊಳ್ಳುತ್ತದೆ. ಉಳಿಯುವ ಬೂದಿ ಕ್ಲಿಂಕರಿನ ಭಾಗವೇ ಆಗುವುದರಿಂದ ಮತ್ತೆ ಹೂಳಬೇಕಾದ ಶೇಷವೂ ಉಳಿಯುವುದಿಲ್ಲ. ಟಯರಿನೊಳಗಿನ ಉಕ್ಕಿನ ತಂತಿ ಸಹ ಕಬ್ಬಿಣದ ಅಂಶವಾಗಿ ಕ್ಲಿಂಕರಿಗೆ ಸೇರುತ್ತದೆ. ತ್ಯಾಜ್ಯದ ಶಾಖವನ್ನೂ ಬೂದಿಯನ್ನೂ ಒಟ್ಟಿಗೆ ಬಳಸಿಕೊಳ್ಳುವ ಈ ವಿಧಾನಕ್ಕೆ ಸಹಸಂಸ್ಕರಣೆ ಎಂದು ಹೆಸರು. ವಾಡಿಯ ಎಸಿಸಿ ಕಾರ್ಖಾನೆಯಲ್ಲಿ ಬೇರೆ ಬೇರೆ ತ್ಯಾಜ್ಯಗಳನ್ನು ಕುಲುಮೆಗೆ ಹಾಕುವ ಮೊದಲು ಹದಗೊಳಿಸುವ ವ್ಯವಸ್ಥೆಯೂ ಇದೆ.

ಆದರೆ ಕುಲುಮೆ ಎಲ್ಲವನ್ನೂ ಅರಗಿಸಿಕೊಳ್ಳಲಾರದು. ಪಿವಿಸಿ ಪೈಪು, ರೆಕ್ಸಿನ್, ಕೆಲವು ಬಗೆಯ ಚಪ್ಪಲಿಗಳಲ್ಲಿರುವ ಕ್ಲೋರಿನ್ ಕುಲುಮೆಯೊಳಗೆ ಆವಿಯಾಗಿ, ಮೇಲಕ್ಕೇರಿ, ತಣ್ಣಗಾದ ಕಡೆ ಕ್ಷಾರಗಳೊಂದಿಗೆ ಸೇರಿ ಗೋಡೆಗೆ ಅಂಟುತ್ತದೆ. ದಿನಗಳೆದಂತೆ ಪ್ರೀಹೀಟರಿನ ದಾರಿ ಕಟ್ಟಿಕೊಂಡು, ಕುಲುಮೆಯನ್ನೇ ನಿಲ್ಲಿಸಿ ಆ ಗಟ್ಟಿಪದರವನ್ನು ಒಡೆಯಬೇಕಾಗುತ್ತದೆ. ಒದ್ದೆ ಕಸದ ತೊಂದರೆ ಬೇರೆ: ಅದರ ನೀರನ್ನು ಆವಿಯಾಗಿಸಲು ಖರ್ಚಾಗುವ ಶಾಖ ಅದರಿಂದ ಬರುವ ಶಾಖವನ್ನೇ ನುಂಗುತ್ತದೆ. ಈ ಕಾರಣಕ್ಕಾಗಿಯೇ 2018ರಲ್ಲಿ ಕೇಂದ್ರ ವಸತಿ ಮತ್ತು ನಗರ ವ್ಯವಹಾರಗಳ ಸಚಿವಾಲಯವು ಕಸದಿಂದ ತಯಾರಿಸುವ ಇಂಧನಕ್ಕೆ, ಅಂದರೆ ಆರ್‌ಡಿಎಫ್‌ಗೆ, ದರ್ಜೆಗಳನ್ನು ಸೂಚಿಸಿತು. ಮೂರನೆಯ ದರ್ಜೆಯ ಇಂಧನದಲ್ಲಿ ಕಿಲೋಗೆ 3,000 ಕಿಲೋಕ್ಯಾಲರಿ ಶಾಖವಿದ್ದು ತೇವಾಂಶ ಶೇ 20ರೊಳಗಿರಬೇಕು. ಮೊದಲ ದರ್ಜೆಯದರಲ್ಲಿ 4,500 ಕಿಲೋಕ್ಯಾಲರಿ ಶಾಖವಿದ್ದು ತೇವಾಂಶ ಶೇ 10ರೊಳಗೆ, ಕ್ಲೋರಿನ್ ಶೇ 0.5ರೊಳಗೆ ಇರಬೇಕು. ಒಂದೇ ಕಸ, ವಿಂಗಡಿಸಿ ಒಣಗಿಸಿದರೆ ಕಲ್ಲಿದ್ದಲಿನೊಂದಿಗೆ ಸ್ಪರ್ಧಿಸುವ ಸರಕಾಗುತ್ತದೆ, ಹಾಗೆಯೇ ಸುರಿದರೆ ಕಾರ್ಖಾನೆ ತಿರುಗಿ ಕಳಿಸುವ ಹೊರೆಯಾಗುತ್ತದೆ. ಈ ಎರಡರ ನಡುವಿನ ಅಂತರವೇ ಇಲ್ಲಿ ವ್ಯವಹಾರದ ಅವಕಾಶ.

ಬೇಡಿಕೆಯನ್ನು ಕಾನೂನೇ ಸೃಷ್ಟಿಸಿದೆ. ಕಿಲೋಗೆ 1,500 ಕಿಲೋಕ್ಯಾಲರಿ ಅಥವಾ ಹೆಚ್ಚು ಶಾಖವುಳ್ಳ, ಮರುಬಳಕೆಯಾಗದ ಕಸವನ್ನು ನೆಲಭರ್ತಿಗೆ ಹಾಕಬಾರದೆಂದು 2016ರ ಘನತ್ಯಾಜ್ಯ ನಿರ್ವಹಣಾ ನಿಯಮಗಳು ಹೇಳಿದ್ದವು. ಆರ್‌ಡಿಎಫ್ ಘಟಕದ ನೂರು ಕಿಲೊಮೀಟರ್ ಒಳಗಿರುವ ಕೈಗಾರಿಕೆಗಳು ತಮ್ಮ ಇಂಧನದಲ್ಲಿ ಕನಿಷ್ಠ ಶೇ 5ರಷ್ಟನ್ನು ಅದರಿಂದ ತುಂಬಬೇಕೆಂಬ ಷರತ್ತೂ ಅವುಗಳಲ್ಲಿತ್ತು. 2026ರ ಏಪ್ರಿಲ್ 1ರಿಂದ ಅನ್ವಯವಾಗುವ ಹೊಸ ನಿಯಮಗಳು ಈ ಪಾಲನ್ನು ಆರು ವರ್ಷಗಳಲ್ಲಿ ಶೇ 15ಕ್ಕೆ ಏರಿಸಬೇಕೆನ್ನುತ್ತವೆ. ಯುರೋಪಿನ ಸಿಮೆಂಟ್ ಕುಲುಮೆಗಳು ತಮಗೆ ಬೇಕಾದ ಶಾಖದಲ್ಲಿ ಅರ್ಧದಷ್ಟನ್ನು ಪರ್ಯಾಯ ಇಂಧನಗಳಿಂದ ಪಡೆಯುತ್ತಿರುವಾಗ ಭಾರತದ ಸರಾಸರಿ ಇನ್ನೂ ಒಂದಂಕಿಯಲ್ಲಿಯೇ ಇರುವುದನ್ನು ಗಮನಿಸಿದರೆ, ವಾಡಿ ಮತ್ತು ಮಳಖೇಡದ ಕುಲುಮೆಗಳ ಹಸಿವು ಮುಂದಿನ ದಶಕದಲ್ಲಿ ಹೆಚ್ಚುವುದು ಖಚಿತ.

ಆ ಹಸಿವಿಗೆ ಬೆಂಗಳೂರು ಮತ್ತು ಹೈದರಾಬಾದಿನ ಕಸವನ್ನು ಲಾರಿಗಳಲ್ಲಿ ತಂದು ಸುರಿಯುವುದಷ್ಟೇ ಆದರೆ, ಈ ತಾಲ್ಲೂಕುಗಳಿಗೆ ದಕ್ಕುವುದು ಲಾರಿ ಇಳಿಸುವ ಕೂಲಿ ಮತ್ತು ರಸ್ತೆಯ ಧೂಳು ಮಾತ್ರ. ನಿಯಮಗಳ ಆಶಯವೂ ಅದಲ್ಲ. 2022ರ ಅಧಿಸೂಚನೆಯು ಕುಲುಮೆಯಲ್ಲಿ ಸುಡುವುದನ್ನು ಮರುಸಂಸ್ಕರಣೆಯೆಂದು ಎಣಿಸುವುದಿಲ್ಲ, ಅದನ್ನು ‘ಆಯುಷ್ಯ ಮುಗಿದ ಪ್ಲಾಸ್ಟಿಕ್ಕಿನ ವಿಲೇವಾರಿ’ ಎಂಬ ಬೇರೆ ಕಟ್ಟಿನಲ್ಲಿ ಇಡುತ್ತದೆ ಮತ್ತು ಮರುಸಂಸ್ಕರಿಸಲು ಸಾಧ್ಯವಿಲ್ಲದ ಪ್ಲಾಸ್ಟಿಕ್ ಮಾತ್ರ ಅಲ್ಲಿಗೆ ಹೋಗಬೇಕೆನ್ನುತ್ತದೆ. ಚೀಲ, ಹಾಳೆಗಳಂಥ ಮೆತ್ತನೆಯ ಪ್ಯಾಕಿಂಗ್‌ನಲ್ಲಿ 2024-25ರಲ್ಲಿ ಕನಿಷ್ಠ ಶೇ 30, 2027-28ರ ಹೊತ್ತಿಗೆ ಶೇ 60ರಷ್ಟು ನಿಜವಾಗಿಯೂ ಮರುಸಂಸ್ಕರಣೆಯಾಗಬೇಕು. ಬಾಟಲಿ, ಡಬ್ಬಿಗಳಂಥ ಗಟ್ಟಿ ಪ್ಲಾಸ್ಟಿಕ್ಕಿಗೆ ಈ ಮಿತಿ ಶೇ 50ರಿಂದ 80ಕ್ಕೆ ಏರುತ್ತದೆ. ಕುಲುಮೆ ಏಣಿಯ ಕೊನೆಯ ಮೆಟ್ಟಿಲು. ಕೆಲಸ ಮತ್ತು ಲಾಭಗಳೆರಡೂ ಅದಕ್ಕಿಂತ ಮೊದಲಿನ ಮೆಟ್ಟಿಲುಗಳಲ್ಲಿವೆ.

ವಿಂಗಡಣಾ ಶೆಡ್ಡಿನೊಳಗೆ ನಡೆಯುವ ಕೆಲಸವನ್ನು ಗಮನಿಸಿದರೆ ಇದು ಸ್ಪಷ್ಟವಾಗುತ್ತದೆ. ಪಂಚಾಯಿತಿ ಗಾಡಿ ತಂದು ಸುರಿದ ಒಣಕಸ ಸಾಗುಪಟ್ಟಿಯ ಮೇಲೆ ಹರಿದುಬರುತ್ತದೆ. ಎರಡೂ ಬದಿಯಲ್ಲಿ ನಿಂತ ಹೆಣ್ಣುಮಕ್ಕಳು ಬಾಟಲಿ, ಹಾಲಿನ ಪ್ಯಾಕೆಟ್ಟು, ರಟ್ಟು, ತಗಡು, ಗಾಜುಗಳನ್ನು ಬೇರೆ ಬೇರೆ ಚೀಲಕ್ಕೆ ಎತ್ತಿಹಾಕುತ್ತಾರೆ. ಬಾಟಲಿಯೂ ಹಾಲಿನ ಪ್ಯಾಕೆಟ್ಟೂ ತೊಳೆದು, ಕತ್ತರಿಸಿ, ಕರಗಿಸಿದ ಮೇಲೆ ಗುಜರಿ ವ್ಯಾಪಾರದಲ್ಲಿ ‘ದಾನಾ’ ಎಂದು ಕರೆಸಿಕೊಳ್ಳುವ ಕಾಳುಗಳಾಗಿ ಕಾರ್ಖಾನೆಗಳಿಗೆ ಮಾರಾಟವಾಗುತ್ತವೆ. ಪಟ್ಟಿಯ ಕೊನೆಗೆ ಉಳಿಯುವುದು ಚಿಪ್ಸ್ ಮತ್ತು ಗುಟ್ಕಾ ಪ್ಯಾಕೆಟ್ಟು, ಹರಿದ ಬಟ್ಟೆ, ಕೊಳೆಯಾದ ಹಾಳೆಗಳು. ಪಿವಿಸಿಯನ್ನು ತೆಗೆದು, ಒಣಗಿಸಿ, ಬೇಲ್ ಕಟ್ಟಿ ಕುಲುಮೆಗೆ ಕಳಿಸಬೇಕಾದದ್ದು ಇವುಗಳನ್ನಷ್ಟೇ. ಉಡುಪಿ ಜಿಲ್ಲೆಯ ಕಾರ್ಕಳ ತಾಲ್ಲೂಕಿನ ನಿಟ್ಟೆಯಲ್ಲಿ ದಿನಕ್ಕೆ 10 ಟನ್ ಸಾಮರ್ಥ್ಯದ ಇಂಥ ಘಟಕವೊಂದು ಹಲವು ಗ್ರಾಮ ಪಂಚಾಯಿತಿಗಳ ಒಣಕಸವನ್ನು ಒಟ್ಟುಗೂಡಿಸಿ ನಡೆಯುತ್ತಿದೆ. ಪಂಚಾಯಿತಿಯೊಂದರ ಕಸ ಒಂದು ಯಂತ್ರಕ್ಕೆ ಸಾಲದಾದರೂ ಹತ್ತಾರು ಪಂಚಾಯಿತಿಗಳ ಕಸ ಸೇರಿದರೆ ಸಾಲುತ್ತದೆ ಎಂಬುದು ಅಲ್ಲಿನ ಅನುಭವದಿಂದ ತಿಳಿದುಬರುವ ಅಂಶ. ನಿಟ್ಟೆಯಿಂದ ಸಿಮೆಂಟ್ ಕುಲುಮೆಗಳು ನೂರಾರು ಕಿಲೊಮೀಟರ್ ದೂರ, ಆದರೆ ಸೇಡಂ ಮತ್ತು ಚಿತ್ತಾಪುರಗಳಿಗೆ ಅವು ಊರ ಅಂಚಿನಲ್ಲೇ ಇವೆ. ಇಂಧನದ ಬೇಲಿನಂಥ ಹಗುರ ಸರಕಿನ ವ್ಯಾಪಾರದಲ್ಲಿ ಸಾಗಣೆ ವೆಚ್ಚವೇ ಲಾಭ ನಷ್ಟವನ್ನು ತೀರ್ಮಾನಿಸುವುದರಿಂದ ಈ ಅನುಕೂಲ ಸಣ್ಣದಲ್ಲ. ಸ್ವಚ್ಛ ಭಾರತ ಮಿಷನ್ನಿನ ಗ್ರಾಮೀಣ ಯೋಜನೆಯ ಎರಡನೆಯ ಹಂತದಲ್ಲಿ ಪ್ರತಿ ತಾಲ್ಲೂಕಿನ ಪ್ಲಾಸ್ಟಿಕ್ ನಿರ್ವಹಣಾ ಘಟಕಕ್ಕೆ 16 ಲಕ್ಷ ರೂಪಾಯಿಯವರೆಗೆ ನೆರವಿದ್ದು, ಅದರ ಮೇಲೆ ಸ್ವಸಹಾಯ ಸಂಘಗಳೂ ಸಣ್ಣ ಉದ್ಯಮಿಗಳೂ ಕಟ್ಟಬಹುದಾದದ್ದು ಬಹಳಷ್ಟಿದೆ.

ಸಿಮೆಂಟ್ ಕಂಪನಿಗಳು ಕಸ ಸುಡುವವರಷ್ಟೇ ಅಲ್ಲ, ಪ್ಲಾಸ್ಟಿಕ್ ಹೊಣೆಯುಳ್ಳ ಬ್ರ್ಯಾಂಡ್ ಮಾಲೀಕರೂ ಹೌದು. 50 ಕಿಲೋ ಸಿಮೆಂಟ್ ತುಂಬುವ ನೇಯ್ದ ಚೀಲ ಪಾಲಿಪ್ರೊಪಿಲೀನ್ ಎಂಬ ಪ್ಲಾಸ್ಟಿಕ್ಕಿನದು. ಒಂದು ಟನ್ ಸಿಮೆಂಟಿಗೆ ಅಂಥ ಇಪ್ಪತ್ತು ಚೀಲ ಬೇಕು. ಕಟ್ಟಡದ ಕೆಲಸ ಮುಗಿದ ಮೇಲೆ ಈ ಚೀಲಗಳು ಹೊಲಿಗೆ ಬಿಚ್ಚಿ ರಾಶಿಯ ಕಾಲಕ್ಕೆ ಹಾಸುವ ತಾಡಪತ್ರಿಯಾಗುತ್ತವೆ, ಗುಡಿಸಲಿನ ಮರೆಯಾಗುತ್ತವೆ, ಕೊನೆಗೆ ಹರಿದು ಹೊಲದ ಬದುವಿನಲ್ಲಿ ಉಳಿಯುತ್ತವೆ. ಪಾಲಿಪ್ರೊಪಿಲೀನ್ ಚೆನ್ನಾಗಿ ಮರುಸಂಸ್ಕರಣೆಯಾಗುವ ಪ್ಲಾಸ್ಟಿಕ್. ಸಿಮೆಂಟಿನ ಪುಡಿಯನ್ನು ಕೊಡವಿ ತೊಳೆದರೆ ಅದರಿಂದ ದಾನಾ, ದಾನಾದಿಂದ ಹಗ್ಗ, ಬಕೆಟ್, ಕುಂಡಗಳಾಗುತ್ತವೆ. ಸಿಮೆಂಟ್ ಮಾರುವ ಡೀಲರ್ ಅಂಗಡಿಗಳ ಮೂಲಕವೇ ಖಾಲಿ ಚೀಲಗಳನ್ನು ಹಿಂದಕ್ಕೆ ಕೊಂಡು, ಸೇಡಂ ಅಥವಾ ವಾಡಿಯಲ್ಲಿ ದಾನಾ ತಯಾರಿಸುವ ಘಟಕವೊಂದಕ್ಕೆ ಕಳಿಸುವ ವ್ಯವಸ್ಥೆಯು ಕಂಪನಿಗೆ ಬೇಕಾದ ಪ್ರಮಾಣಪತ್ರವನ್ನೂ ಊರಿಗೆ ಬೇಕಾದ ಕೆಲಸವನ್ನೂ ಒಟ್ಟಿಗೆ ಕೊಡಬಲ್ಲದು. ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿಯ ಸಮ್ಮತಿ ಮತ್ತು ಪೋರ್ಟಲ್ ನೋಂದಣಿ ಇಲ್ಲದ ಘಟಕ ಎಷ್ಟೇ ಕೆಲಸ ಮಾಡಿದರೂ ಪ್ರಮಾಣಪತ್ರ ಪಡೆಯಲಾರದೆಂಬುದನ್ನು ಹೊಸದಾಗಿ ಈ ವ್ಯವಹಾರಕ್ಕಿಳಿಯುವವರು ಮೊದಲೇ ತಿಳಿದಿರಬೇಕು.

ಇನ್ನೊಂದು ಕೈಗಾರಿಕೆಯ ಕಸ ಸಿಮೆಂಟಿನ ಕಚ್ಚಾವಸ್ತುವಾದ ಹಳೆಯ ಉದಾಹರಣೆಯೂ ಇದೇ ಸೀಮೆಯಲ್ಲಿದೆ. ರಾಯಚೂರಿನ ಶಕ್ತಿನಗರದ ಉಷ್ಣವಿದ್ಯುತ್ ಸ್ಥಾವರದಲ್ಲಿ ಕಲ್ಲಿದ್ದಲು ಉರಿದು ಉಳಿಯುವ ಹಾರುಬೂದಿಯನ್ನು ಪೊಜೊಲಾನಾ ಸಿಮೆಂಟಿನಲ್ಲಿ ಶೇ 15ರಿಂದ 35ರವರೆಗೆ ಬೆರೆಸಲು ಭಾರತೀಯ ಮಾನಕ ಅನುಮತಿ ನೀಡುತ್ತದೆ. ಒಂದು ಕಾಲಕ್ಕೆ ಕೆರೆಯಂಥ ಹೊಂಡಗಳಲ್ಲಿ ತುಂಬಿಡುತ್ತಿದ್ದ ಬೂದಿಗೆ 1999ರಿಂದ ಬಂದ ಅಧಿಸೂಚನೆಗಳು ಮಾರುಕಟ್ಟೆಯೊದಗಿಸಿದವು. ಬೂದಿ ಬೆರೆತಷ್ಟೂ ಕ್ಲಿಂಕರ್ ಕಡಿಮೆ ಸಾಕಾಗುತ್ತದೆ, ಗಣಿಯಿಂದ ತೆಗೆಯುವ ಕಲ್ಲೂ ಗಾಳಿಗೆ ಸೇರುವ ಇಂಗಾಲದ ಡೈ ಆಕ್ಸೈಡೂ ಕಡಿಮೆಯಾಗುತ್ತವೆ.

ಹೊಲದ ಉಳಿಕೆಯ ವಿಷಯದಲ್ಲಿ ಹೆಚ್ಚಿನ ಎಚ್ಚರ ಬೇಕು. ತೊಗರಿಯ ಕಣಜವೆನಿಸಿದ ಈ ಜಿಲ್ಲೆಯ ಬೇಳೆಗೆ 2019ರಲ್ಲಿ ಭೌಗೋಳಿಕ ಸೂಚಕದ ಮಾನ್ಯತೆ ದೊರೆತಿದೆ; ರಾಶಿಯಾದ ಮೇಲೆ ಉಳಿಯುವ ತೊಗರಿಕಟ್ಟಿಗೆಯನ್ನು ಹೊಲದಲ್ಲೇ ಚೂರುಮಾಡಿದರೆ ಕುಲುಮೆಗೆ ಒಳ್ಳೆಯ ಇಂಧನ. ಆದರೆ ಅದೇ ಕಟ್ಟಿಗೆ ಬಡವರ ಮನೆಯ ಒಲೆಗೂ ಬೇಲಿಗೂ ಆಧಾರವಾಗಿರುವುದರಿಂದ, ಬದುವಿನಲ್ಲಿ ಹೆಚ್ಚಾಗಿ ಉಳಿದು ಬೆಂಕಿಗೆ ಬೀಳುವ ಪಾಲನ್ನಷ್ಟೇ ಕೊಳ್ಳುವ ವ್ಯಾಪಾರವೇ ನ್ಯಾಯವಾದದ್ದು.

ಪ್ರಮಾಣಪತ್ರದ ವ್ಯವಸ್ಥೆಯಲ್ಲಿ ದೋಷಗಳೂ ಇವೆ. 2023ರಲ್ಲಿ ಕೇಂದ್ರ ಮಂಡಳಿಯ ಪರಿಶೀಲನೆಯು ಗುಜರಾತ್, ಮಹಾರಾಷ್ಟ್ರ ಮತ್ತು ಕರ್ನಾಟಕದ ಕೆಲವು ಘಟಕಗಳು ಸುಮಾರು 6 ಲಕ್ಷ ನಕಲಿ ಪ್ರಮಾಣಪತ್ರಗಳನ್ನು ಸೃಷ್ಟಿಸಿದ್ದನ್ನು ಬಯಲಿಗೆಳೆಯಿತು. ಕಾಗದದ ಮೇಲಿನ ಮರುಸಂಸ್ಕರಣೆ ಹೆಚ್ಚಾದಷ್ಟೂ ನಿಜವಾಗಿ ದುಡಿಯುವ ಘಟಕಕ್ಕೆ ಸಿಗುವ ಬೆಲೆ ಕುಸಿಯುತ್ತದೆ. ಕೊಳ್ಳುವವರ ಸಂಖ್ಯೆಯೂ ಕಡಿಮೆಯಾಗುತ್ತಿದೆ: ಎಸಿಸಿ 2022ರಲ್ಲಿ ಅದಾನಿ ಸಮೂಹದ ಪಾಲಾಯಿತು, 2025ರಲ್ಲಿ ವಾಸವದತ್ತಾ ಅಲ್ಟ್ರಾಟೆಕ್‌ಗೂ ಓರಿಯಂಟ್ ಅದಾನಿ ಸಮೂಹದ ಅಂಬುಜಾಕ್ಕೂ ಸೇರಿದವು. ಕೆಲವೇ ದೊಡ್ಡ ಖರೀದಿದಾರರ ಮುಂದೆ ಒಬ್ಬೊಬ್ಬರೇ ನಿಲ್ಲುವ ಸಣ್ಣ ಘಟಕಗಳು ದರ ಕೇಳುವ ಶಕ್ತಿಯನ್ನು ಕಳೆದುಕೊಳ್ಳುತ್ತವಾದ್ದರಿಂದ, ಹಾಲು ಸಹಕಾರ ಸಂಘಗಳ ಮಾದರಿಯಲ್ಲಿ ತಾಲ್ಲೂಕಿನ ಘಟಕಗಳು ಒಗ್ಗೂಡಿ ಹಲವು ವರ್ಷಗಳ ಒಪ್ಪಂದ ಮಾಡಿಕೊಳ್ಳುವುದು ಅಗತ್ಯ. ಜನರ ಆರೋಗ್ಯದ ಪ್ರಶ್ನೆ ಇವೆಲ್ಲಕ್ಕಿಂತ ದೊಡ್ಡದು. ತ್ಯಾಜ್ಯ ಸುಡುವ ಸಿಮೆಂಟ್ ಕುಲುಮೆಯ ಚಿಮಣಿಯಿಂದ ಹೊರಬರುವ ಡಯಾಕ್ಸಿನ್ ಮತ್ತು ಫ್ಯುರಾನ್‌ಗಳಿಗೆ 2016ರಲ್ಲಿ ಘನಮೀಟರಿಗೆ 0.1 ನ್ಯಾನೋಗ್ರಾಂ ಎಂಬ ಬಿಗಿ ಮಿತಿ ವಿಧಿಸಲಾಗಿದೆ. ಆ ಅಳತೆಯ ವರದಿಗಳು ಸುತ್ತಲಿನ ಗ್ರಾಮಸಭೆಗಳ ಮುಂದೆ ಕನ್ನಡದಲ್ಲಿ ಬರಬೇಕೆಂದು ಕೇಳುವುದು ಇಲ್ಲಿನ ಜನರ ಹಕ್ಕು. ಚಿಂಚೋಳಿಯಲ್ಲಿ 2011ರಲ್ಲಿ ಘೋಷಿತವಾದ ವನ್ಯಜೀವಿಧಾಮವಿದ್ದು, ಅದರ ಆಸುಪಾಸಿನಲ್ಲಿ ಕಸದ ಲಾರಿಗಳ ಓಡಾಟ ಹೆಚ್ಚುವುದಾದರೆ ಈ ಎಚ್ಚರ ಇಮ್ಮಡಿಯಾಗಬೇಕು.

ಇಷ್ಟೆಲ್ಲ ನಿಯಮಗಳ ನಡುವೆಯೂ ಈ ನೆಲದ ಸ್ವಂತ ತ್ಯಾಜ್ಯ ಯಾವ ಪಟ್ಟಿಗೂ ಸೇರಿಲ್ಲ. ಫರ್ಸಿ ಖಣಿಯಲ್ಲಿ ಪದರ ಬಿಡಿಸುವಾಗ ಮುರಿದ, ಅಂಚು ಒಡೆದ, ಬಣ್ಣ ಕೆಟ್ಟ ಕಲ್ಲುಗಳೆಲ್ಲ ಪಕ್ಕಕ್ಕೆ ಬಿದ್ದು ಗುಡ್ಡೆಯಾಗುತ್ತವೆ. ಶಹಾಬಾದಿನಿಂದ ಚಿತ್ತಾಪುರ, ಸೇಡಂ ಕಡೆಗೆ ಹೋಗುವಾಗ ರಸ್ತೆಯ ಬದಿಯಲ್ಲಿ ಕಾಣುವ ಬೂದುಬಣ್ಣದ ದಿಬ್ಬಗಳಲ್ಲಿ ಬಹುಪಾಲು ಇಂಥವೇ. ಪಾಲಿಶ್ ಮಷಿನ್ನಿನ ಕೆಳಗೆ ಕಲ್ಲಿನ ಪುಡಿ ಮತ್ತು ನೀರು ಬೆರೆತ ಬೂದು ರಾಡಿ ಸದಾ ಹರಿಯುತ್ತಿರುತ್ತದೆ. ಅದು ಚರಂಡಿಯಲ್ಲಿ ನಿಂತು, ಬಿಸಿಲಿಗೆ ಬಿರುಕುಬಿಟ್ಟು, ಹಿಟ್ಟಿನಷ್ಟು ನುಣುಪಾದ ಧೂಳಾಗಿ ಬೇಸಿಗೆಯ ಗಾಳಿಗೆ ಏಳುತ್ತದೆ, ಮಳೆಗಾಲದಲ್ಲಿ ಹೊಲಕ್ಕೆ ಹರಿದು ನೀರಿಂಗದಂತೆ ಮಣ್ಣಿನ ಮುಖವನ್ನು ಮುಚ್ಚುತ್ತದೆ. ಆಮ್ಲೀಯ ಮಣ್ಣಿರುವ ಮಲೆನಾಡಿನಲ್ಲಿ ಸುಣ್ಣದ ಪುಡಿ ಹೊಲಕ್ಕೆ ಔಷಧ, ಆದರೆ ಸುಣ್ಣವೇ ಹೆಚ್ಚಿರುವ ಇಲ್ಲಿನ ಎರೆಮಣ್ಣಿಗೆ ಅದರಿಂದ ಪ್ರಯೋಜನವಿಲ್ಲ.

ಪ್ರಯೋಜನವಿರುವುದು ಕಟ್ಟಡ ಸಾಮಗ್ರಿಯಲ್ಲಿ. ಒಣಗಿಸಿದ ರಾಡಿಯನ್ನು ಪೇವರ್ ಮತ್ತು ಇಟ್ಟಿಗೆಗಳ ಮಿಶ್ರಣದಲ್ಲಿ ಭರ್ತಿಪುಡಿಯಾಗಿ ಬಳಸಬಹುದು, ಒಡೆದ ಕಲ್ಲನ್ನು ಖಡಿಯಾಗಿ, ಮರಳಾಗಿ ಪುಡಿಮಾಡಬಹುದು, ರಾಸಾಯನಿಕ ಗುಣ ಹೊಂದಿದರೆ ಸಿಮೆಂಟಿನ ಕಚ್ಚಾಮಿಶ್ರಣಕ್ಕೂ ಸೇರಿಸಬಹುದು. 2023ರಲ್ಲಿ ಭಾರತೀಯ ಮಾನಕ ಬ್ಯೂರೊ ಸುಟ್ಟ ಜೇಡಿಮಣ್ಣು ಮತ್ತು ಸುಣ್ಣಕಲ್ಲಿನ ಪುಡಿಯನ್ನು ಕ್ಲಿಂಕರಿಗೆ ಬೆರೆಸಿದ ಹೊಸ ಬಗೆಯ ಸಿಮೆಂಟಿಗೆ ಐಎಸ್ 18189 ಎಂಬ ಮಾನಕವನ್ನು ಪ್ರಕಟಿಸಿದೆ. ಇದರ ಸಾಮಾನ್ಯ ಮಿಶ್ರಣದಲ್ಲಿ ಕ್ಲಿಂಕರ್ ಅರ್ಧದಷ್ಟು ಮಾತ್ರ ಇದ್ದು, ಸುಡದ ಸುಣ್ಣಕಲ್ಲಿನ ಪಾಲು ಸುಮಾರು ಶೇ 15. ಆ ಪಾಲಿಗೆ ಕ್ಲಿಂಕರಿಗೆ ಯೋಗ್ಯವಲ್ಲದ ಕೀಳುದರ್ಜೆಯ ಸುಣ್ಣಕಲ್ಲೂ ಒದಗುತ್ತದೆ ಎಂಬುದು ಫರ್ಸಿ ತ್ಯಾಜ್ಯಕ್ಕೆ ದೊಡ್ಡ ಬಾಗಿಲು. ಆದರೆ ಒಂದೊಂದು ಖಣಿಯ ಕಲ್ಲಿನಲ್ಲಿ ಸಿಲಿಕಾದ ಅಂಶ ಒಂದೊಂದು ಬಗೆಯಾಗಿರುವುದರಿಂದ, ಗುಡ್ಡೆಗುಡ್ಡೆಯ ಮಾದರಿ ತೆಗೆದು ಪರೀಕ್ಷಿಸದೆ ಯಾವ ಕಾರ್ಖಾನೆಯೂ ಅದನ್ನು ಕೊಳ್ಳಲಾರದು.

ತೊಡಕಿರುವುದು ಹಣದಲ್ಲಿ. ಪ್ಲಾಸ್ಟಿಕ್ ಪ್ಯಾಕೆಟ್ಟಿನ ಮೇಲೆ ಕಂಪನಿಯ ಹೆಸರಿದೆ, ಆ ಹೆಸರನ್ನು ಹಿಡಿದು ಹೊಣೆ ಕೇಳಬಹುದು. ಫರ್ಸಿ ಕಲ್ಲಿಗೆ ಹೆಸರಿಲ್ಲ, ಅದನ್ನು ತೆಗೆಯುವವರು ಸಣ್ಣ ಗುತ್ತಿಗೆದಾರರು, ಪಾಲಿಶ್ ಮಾಡುವವರು ಒಂದೆರಡು ಮಷಿನ್ನಿನ ಮಾಲೀಕರು. ರಾಡಿಯನ್ನು ಹಿಂಡಿ ನೀರು ಬೇರ್ಪಡಿಸುವ ಫಿಲ್ಟರ್ ಪ್ರೆಸ್ಸನ್ನು ಒಬ್ಬೊಬ್ಬರೇ ಕೊಳ್ಳುವುದು ಅವರ ಶಕ್ತಿಗೆ ಮೀರಿದ್ದು, ಆದರೆ ಹತ್ತಿಪ್ಪತ್ತು ಅಂಗಳಗಳಿಗೆ ಒಂದರಂತೆ ಸಾಮೂಹಿಕ ಘಟಕವಾದರೆ ಬೇರ್ಪಟ್ಟ ನೀರು ಮತ್ತೆ ಮಷಿನ್ನಿಗೆ ಬರುತ್ತದೆ, ಹಿಂಡಿದ ಗಟ್ಟಿ ಸಿಮೆಂಟ್ ಕಾರ್ಖಾನೆಗೋ ಪೇವರ್ ಘಟಕಕ್ಕೋ ಹೋಗುತ್ತದೆ. ಗಣಿ ಕಾನೂನಿಗೆ 2015ರಲ್ಲಿ ಆದ ತಿದ್ದುಪಡಿಯಂತೆ ಸಿಮೆಂಟಿನ ಸುಣ್ಣಕಲ್ಲು ತೆಗೆಯುವ ಕಂಪನಿಗಳು ರಾಜಧನದ ಜೊತೆಗೆ ಜಿಲ್ಲಾ ಖನಿಜ ಪ್ರತಿಷ್ಠಾನಕ್ಕೆ ಹಣ ಕಟ್ಟುತ್ತವೆ, ಗಣಿಗಾರಿಕೆಯಿಂದ ಬಾಧಿತವಾದ ಪ್ರದೇಶಗಳ ಕುಡಿಯುವ ನೀರು, ಆರೋಗ್ಯ ಮತ್ತು ಪರಿಸರ ರಕ್ಷಣೆ ಆ ನಿಧಿಯ ಆದ್ಯತೆಗಳಲ್ಲಿ ಸೇರಿವೆ. ಶಹಾಬಾದಿನ ಪಾಲಿಶ್ ಅಂಗಳಗಳ ನಡುವೆ ಸ್ಥಾಪಿಸುವ ಮೊದಲ ಫಿಲ್ಟರ್ ಪ್ರೆಸ್ಸಿಗೂ ಕಲ್ಲಿನ ಗುಡ್ಡೆಗಳ ಮಾದರಿ ಪರೀಕ್ಷೆಗೂ ಆ ನಿಧಿಯಿಂದ ಹಣ ಒದಗಿಸುವ ಪ್ರಸ್ತಾವವನ್ನು ಬಾಧಿತ ಗ್ರಾಮಗಳ ಪಂಚಾಯಿತಿಗಳೇ ಪ್ರತಿಷ್ಠಾನದ ಮುಂದಿಡಬಹುದು.